ಮಗಳಿಗೆ ಲಾ ಫರ್ಮ್‌ನಿಂದ ಇಂಟರ್‌ವ್ಯೂ ಬಂತಾ? ಅಡುಗೆಮನೆಯಲ್ಲೇ ಶುರುವಾಗಲಿ ತಯಾರಿ!

ಮಗಳು ಎಲ್‌ಎಲ್‌ಬಿ ಓದ್ತಾಳೆ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಕರಿ ಕೋಟು, ಕೊರಳಿಗೆ ಬಿಳಿ ಪಟ್ಟಿ, ಕೋರ್ಟಿನ ಅಂಗಳದ ಮರ, ಅದರ ಕೆಳಗೆ ಕಟಕಟ ಅನ್ನುವ ಟೈಪ್ ಮಷಿನ್. ಅದರಾಚೆ ಇನ್ನೊಂದು ವಕೀಲಿಕೆಯೂ ಇದೆ ಅನ್ನುವುದು ನಮ್ಮಲ್ಲಿ ಎಷ್ಟೋ ತಾಯಂದಿರಿಗೆ ಗೊತ್ತಾಗುವುದೇ ಮಗಳು ಕೊನೆಯ ವರ್ಷಕ್ಕೆ ಬಂದಾಗ. "ಕೋರ್ಟಿಗೆ ಹೋಗಂಗಿಲ್ಲಂತ, ಆಫೀಸಿನಾಗ ಕೂಡ್ತಾಳಂತ. ಹಂಗಾದ್ರ ಇದೆಂಥ ವಕೀಲ್ಕಿ ರೀ?" ಎಂದು ಭಾಲ್ಕಿಯ ಪರಿಚಿತ ತಾಯಿಯೊಬ್ಬರು ಕೇಳಿದರು. ಮಗಳಿಗೆ ಬೆಂಗಳೂರಿನಿಂದ ಪತ್ರ ಬಂದಿತ್ತು. ಬರೀ ಇಂಟರ್‌ವ್ಯೂ ಅಲ್ಲ, 'ಅಸೆಸ್‌ಮೆಂಟ್ ಡೇ', ಬೆಳಿಗ್ಗೆಯಿಂದ ಸಂಜೆಯವರೆಗೆ! ಇತ್ತ ಮನೆಯಲ್ಲಿ ಎರಡು ಕಡೆಯಿಂದ ಗಂಡಿನ ಪ್ರಸ್ತಾಪ. ಇದರಲ್ಲಿ ಆಯ್ಕೆ ಆದರೆ ಮದುವೆ ಮಾತು ಎರಡು ವರ್ಷ ಮುಂದಕ್ಕೆ, ಇಲ್ಲದಿದ್ದರೆ ಇದೇ ವರ್ಷ ಎಂದು ಅಪ್ಪ ಹೇಳಿಬಿಟ್ಟಿದ್ದರು. ಒಂದೇ ದಿನದ ಮೇಲೆ ಇಷ್ಟು ಭಾರ ಬಿದ್ದಾಗ ಹುಡುಗಿಗೆ ನಿದ್ದೆ ಎಲ್ಲಿಂದ ಬರಬೇಕು ಹೇಳಿ!

ಅಂಥ ಮನೆಗಳಿಗಾಗಿ ಈ ಲೇಖನ.

ಏನಿದು ಲಾ ಫರ್ಮ್?

ಹತ್ತಾರು, ಕೆಲವು ಕಡೆ ನೂರಾರು ವಕೀಲರು ಸೇರಿ ನಡೆಸುವ ಸಂಸ್ಥೆ ಇದು. ಕಂಪನಿಗಳ ಕರಾರು ಬರೆಯುವುದು, ಒಂದು ಕಂಪನಿ ಇನ್ನೊಂದನ್ನು ಕೊಳ್ಳುವಾಗ ಕಾಗದಪತ್ರ ಪರೀಕ್ಷಿಸುವುದು, ಬ್ಯಾಂಕ್ ಸಾಲದ ದಾಖಲೆ, ತೆರಿಗೆ, ವ್ಯಾಜ್ಯ... ಹೀಗೆ. ಇದೇನೂ ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. ಕೋಲ್ಕತ್ತದಲ್ಲಿ ಖೈತಾನ್ ಸಂಸ್ಥೆ ಶುರುವಾಗಿದ್ದು 1911ರಲ್ಲಿ. ಮುಂಬೈಯ ಅಮರ್‌ಚಂದ್ ಮಂಗಲ್‌ದಾಸ್ 1917ರದ್ದು. 2015ರಲ್ಲಿ ಅದು ಸಿರಿಲ್ ಮತ್ತು ಶಾರ್ದೂಲ್ ಎಂಬ ಅಣ್ಣತಮ್ಮಂದಿರ ಹೆಸರಿನಲ್ಲಿ ಎರಡಾಯಿತು. (ಅಣ್ಣತಮ್ಮಂದಿರ ಪಾಲು ವಕೀಲರ ಮನೆಯನ್ನೂ ಬಿಡಲಿಲ್ಲ ನೋಡಿ!) ಮನೆಯ ಹಿರಿಯರು 'ಹೆಣ್ಣು ಹುಡುಗಿಗೆ ಯಾಕೆ ಇದೆಲ್ಲ' ಅಂದರೆ ಜಿಯಾ ಮೋದಿಯವರ ಹೆಸರು ಹೇಳಿ. ದೇಶದ ದೊಡ್ಡ ಫರ್ಮ್‌ಗಳಲ್ಲಿ ಒಂದಾದ ಎಜೆಡ್‌ಬಿಯನ್ನು ಕಟ್ಟಿದವರಲ್ಲಿ ಅವರೊಬ್ಬರು. ಅಷ್ಟು ದೂರ ಬೇಡ ಅನ್ನುವುದಾದರೆ ನಮ್ಮ ಭಾಗದವರೇ ಆದ ಮಂಜುಳಾ ಚೆಲ್ಲೂರ್ ಇದ್ದಾರೆ. ಬಳ್ಳಾರಿಯಲ್ಲಿ ವಕೀಲಿಕೆ ಮಾಡಿ, 2000ದಲ್ಲಿ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿಯಾಗಿ, ಮುಂದೆ ಕೇರಳ, ಕಲ್ಕತ್ತ, ಬಾಂಬೆ ಹೈಕೋರ್ಟುಗಳ ಮುಖ್ಯ ನ್ಯಾಯಮೂರ್ತಿಯಾದವರು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ದೊಡ್ಡ ಫರ್ಮ್‌ಗಳು ಮೊದಲು ಹೋಗುವುದು ಬೆಂಗಳೂರು ನಾಗರಭಾವಿಯ ನ್ಯಾಷನಲ್ ಲಾ ಸ್ಕೂಲ್, ಹೈದರಾಬಾದಿನ ನಲ್ಸಾರ್‌ನಂಥ ಕಾಲೇಜುಗಳಿಗೆ. ಅಲ್ಲಿಗೆ ಸೇರಲು 2008ರಿಂದ 'ಕ್ಲ್ಯಾಟ್' ಎಂಬ ಪ್ರವೇಶ ಪರೀಕ್ಷೆ ಇದೆ. ಹಾಗಾದರೆ ಉಳಿದ ಕಾಲೇಜಿನ ಹುಡುಗಿಯರು? ಅವರಿಗಿರುವ ಬಾಗಿಲು ಇಂಟರ್ನ್‌ಶಿಪ್. ಬಾರ್ ಕೌನ್ಸಿಲ್ ನಿಯಮದಂತೆ ಐದು ವರ್ಷದ ಕೋರ್ಸಿನವರು ಒಟ್ಟು 20 ವಾರ, ಮೂರು ವರ್ಷದವರು 12 ವಾರ ಇಂಟರ್ನ್‌ಶಿಪ್ ಮಾಡಲೇಬೇಕು. ಇದನ್ನು ಊರಿನ ಪರಿಚಯದ ವಕೀಲರ ಹತ್ತಿರ ಸರ್ಟಿಫಿಕೇಟ್ ಬರೆಸಿಕೊಂಡು ಮುಗಿಸುವವರೇ ಹೆಚ್ಚು. ಹಾಗೆ ಮಾಡಿಸಬೇಡಿ. ನನ್ನನ್ನು ಕೇಳಿದರೆ ನಿಜವಾದ ಇಂಟರ್‌ವ್ಯೂ ಆ ನಾಲ್ಕು ವಾರವೇ. ಸಮಯಕ್ಕೆ ಬಂದಳೇ, ಕೊಟ್ಟ ಕೆಲಸ ಅರ್ಥವಾಗದಿದ್ದಾಗ ಕೇಳಿದಳೇ, ಬರೆದದ್ದನ್ನು ಮತ್ತೊಮ್ಮೆ ಓದಿ ಕೊಟ್ಟಳೇ ಎಂಬುದನ್ನೆಲ್ಲ ಅವರು ಅಲ್ಲಿಯೇ ನೋಡಿಕೊಂಡಿರುತ್ತಾರೆ. ಮನಸ್ಸಿಗೆ ಬಂದ ಹುಡುಗಿಗೆ ಓದು ಮುಗಿಯುವ ಮೊದಲೇ ಕೆಲಸ ಕೊಡುವುದೂ ಉಂಟು.

ಆ ಒಂದು ದಿನ ಏನೇನು ಇರುತ್ತದೆ?

ಫರ್ಮ್‌ನಿಂದ ಫರ್ಮ್‌ಗೆ ವ್ಯತ್ಯಾಸ ಇದೆ. ಇಂಗ್ಲೆಂಡಿನ ಫರ್ಮ್‌ಗಳಲ್ಲಿ ಇಡೀ ದಿನದ ಪರೀಕ್ಷೆ ಹಳೆಯ ರೂಢಿ; ನಮ್ಮಲ್ಲಿ ಕೆಲವರು ಒಂದು ಬರವಣಿಗೆ, ಒಂದು ಇಂಟರ್‌ವ್ಯೂಗೆ ಮುಗಿಸುತ್ತಾರೆ. ಸಾಮಾನ್ಯವಾಗಿ ಇರುವುದು ಇಷ್ಟು: ಒಂದು ಬರವಣಿಗೆ ಪರೀಕ್ಷೆ, ಐದಾರು ಜನರ ಗುಂಪು ಚರ್ಚೆ, ಕೊನೆಗೆ ಹಿರಿಯ ವಕೀಲರ ಜೊತೆ ಮಾತುಕತೆ.

ಬರವಣಿಗೆಯಲ್ಲಿ ಎಂಟು ಹತ್ತು ಪುಟದ ಕರಾರು ಕೊಟ್ಟು 'ಕಕ್ಷಿದಾರರಿಗೆ ಒಂದು ಪುಟದಲ್ಲಿ ಸಲಹೆ ಬರೆಯಿರಿ' ಅನ್ನಬಹುದು. ಅದರೊಳಗೆ ಬೇಕೆಂದೇ ತಪ್ಪು ಇಟ್ಟಿರುತ್ತಾರೆ. ನಾಲ್ಕನೇ ಕಲಮಿನಲ್ಲಿ 30 ದಿನ, ಒಂಬತ್ತನೇ ಕಲಮಿನಲ್ಲಿ 45 ದಿನ! ಇಲ್ಲವೇ 'ನೌಕರ ಕೆಲಸ ಬಿಟ್ಟ ಮೇಲೆ ಎರಡು ವರ್ಷ ಬೇರೆ ಕಂಪನಿ ಸೇರಕೂಡದು' ಎಂಬ ಸಾಲು. 1872ರ ಕರಾರು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಇಂಥ ನಿರ್ಬಂಧ ನಿಲ್ಲುವುದಿಲ್ಲ. ಗೊತ್ತಿರುವ ಹುಡುಗಿಯರೂ ಗಡಿಬಿಡಿಯಲ್ಲಿ ಓದಿ ಇಂಥದ್ದನ್ನು ದಾಟಿ ಹೋಗುತ್ತಾರೆ. ಅಕ್ಕಿ ಆರಿಸುವಾಗ ನಾವು ಮೊರದ ಒಂದು ಮೂಲೆಯಿಂದ ಶುರುಮಾಡಿ ಇನ್ನೊಂದು ಮೂಲೆಗೆ ಬರುತ್ತೇವಲ್ಲ, ಓದುವುದೂ ಹಾಗೇ ಇರಬೇಕು, ಪೆನ್ಸಿಲ್ ಕೈಯಲ್ಲಿ ಹಿಡಿದು.

ನೀವೇ ಕಕ್ಷಿದಾರರಾಗಿ!

ಕಾನೂನು ಗೊತ್ತಿಲ್ಲದ ನಾವು ಏನು ಸಹಾಯ ಮಾಡೋಕಾಗುತ್ತೆ ಎಂದು ಕೇಳುವಿರಾ? ಕಾನೂನು ಗೊತ್ತಿಲ್ಲ ಅನ್ನುವುದೇ ನಿಮ್ಮ ಬಲ. ಫರ್ಮಿಗೆ ಬರುವ ಕಕ್ಷಿದಾರರಿಗೂ ಅದು ಗೊತ್ತಿರುವುದಿಲ್ಲ. ಮನೆಯ ಬಾಡಿಗೆ ಕರಾರು, ಬ್ಯಾಂಕ್ ಲಾಕರಿನ ಕಾಗದ, ವಿಮೆ ಪಾಲಿಸಿ, ಯಾವುದಾದರೂ ಒಂದನ್ನು ಮಗಳ ಕೈಗೆ ಕೊಡಿ. 20 ನಿಮಿಷ ಓದಲಿ. ಆಮೇಲೆ ನೀವು ರೊಟ್ಟಿ ಬಡಿಯುತ್ತ ಕೇಳಿ, ಅವಳು ಐದು ನಿಮಿಷದಲ್ಲಿ ಹೇಳಲಿ. 'ಇಂಡೆಮ್ನಿಟಿ' ಅಂದಳೋ, ತಡೆದು 'ಹಂಗಂದ್ರ ಏನವ್ವಾ?' ಅನ್ನಿ. ನಿಮಗೆ ತಿಳಿಯುವಂತೆ ಹೇಳಲು ಬಂದರೆ ಅಲ್ಲಿಯೂ ಬರುತ್ತದೆ.

ಇದೇ ರೀತಿ ಅಭ್ಯಾಸ ಮಾಡುತ್ತಿದ್ದ ಔರಾದ್ ಕಡೆಯ ಒಂದು ಮನೆಯಲ್ಲಿ ತಾಯಿ ಕೇಳಿದ ಪ್ರಶ್ನೆ ಇದು: "ನಮ್ಮಪ್ಪನ ಹೊಲದಾಗ ನಂದೇನರ ಪಾಲು ಐತೇನು?" ಮಗಳು ಪುಸ್ತಕ ತೆಗೆದಳು. ನಮ್ಮ ಕರ್ನಾಟಕ 1994ರಲ್ಲೇ ಕಾಯ್ದೆ ತಿದ್ದಿ, ಆಗ ಮದುವೆಯಾಗಿರದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಂತೆ ಪಾಲು ಕೊಟ್ಟಿತ್ತು. 2005ರ ಸೆಪ್ಟೆಂಬರ್ 9ರಿಂದ ಹಿಂದೂ ಉತ್ತರಾಧಿಕಾರ ಕಾಯ್ದೆಯ ತಿದ್ದುಪಡಿ ಇಡೀ ದೇಶಕ್ಕೆ ಬಂತು. ಮದುವೆ ಆಗಿದೆಯೋ ಇಲ್ಲವೋ ಎಂಬ ಭೇದ ಹೋಯಿತು. ಆ ದಿನ ತಂದೆ ಬದುಕಿರಲೇಬೇಕೆಂದೇನಿಲ್ಲ, ಮಗಳಿಗೆ ಹಕ್ಕು ಹುಟ್ಟಿನಿಂದಲೇ ಬರುತ್ತದೆ ಎಂದು 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ವಿನೀತಾ ಶರ್ಮಾ ಪ್ರಕರಣದಲ್ಲಿ ಹೇಳಿತು. ಆದರೆ 2004ರ ಡಿಸೆಂಬರ್ 20ಕ್ಕೆ ಮೊದಲೇ ಕಾನೂನುಬದ್ಧವಾಗಿ ಪಾಲು ಆಗಿಹೋಗಿದ್ದರೆ ಅದನ್ನು ಕೆದಕುವಂತಿಲ್ಲ. 'ಅವ್ವಾ, ಪಾಲು ಯಾವಾಗ ಆತು? ರಿಜಿಸ್ಟರ್ ಆಗೇದೇನು? ನೀ ಯಾವುದರ ಕಾಗದಕ್ಕ ಸಹಿ ಮಾಡೀದೇನು?' ಎಂದು ಮಗಳು ಒಂದೊಂದಾಗಿ ಕೇಳಿದಳು. ತಾಯಿ ಸುಮ್ಮನಾದರು. ಅಣ್ಣ ತಂದ ಹಕ್ಕು ಬಿಡುಗಡೆ ಪತ್ರಕ್ಕೆ ಸೀರೆ, ಕುಪ್ಪಸ, ಅರಿಶಿನ ಕುಂಕುಮದ ಜೊತೆ ಸಹಿ ಮಾಡಿಕೊಟ್ಟು ಎಂಟು ವರ್ಷವಾಗಿತ್ತು. ರಿಜಿಸ್ಟರ್ ಆದ ಅಂಥ ಪತ್ರವನ್ನು ರದ್ದು ಮಾಡಿಸುವುದು ಸುಲಭವಲ್ಲ, ಮೋಸವನ್ನೋ ಒತ್ತಾಯವನ್ನೋ ಕೋರ್ಟಿನಲ್ಲಿ ಸಾಬೀತು ಮಾಡಬೇಕು. ಮಗಳು ಅದನ್ನು ತಾಯಿಗೆ ಹೇಳಬೇಕಾಯಿತು. ಕಕ್ಷಿದಾರರಿಗೆ ಬೇಡವಾದ ಸತ್ಯವನ್ನು ನೋಯಿಸದೆ ಹೇಳುವ ಕೆಲಸ ಇದು. ಯಾವ ಕೋಚಿಂಗ್ ಕ್ಲಾಸಿನಲ್ಲೂ ಅದು ಆ ಹುಡುಗಿಗೆ ಸಿಗುತ್ತಿರಲಿಲ್ಲ.

ಗುಂಪಿನಲ್ಲಿ ಮಾತು

ಗುಂಪು ಚರ್ಚೆ ಅಂದರೆ ಜೋರಾಗಿ ಮಾತಾಡಿದವರು ಗೆದ್ದರು ಎಂಬ ತಪ್ಪು ತಿಳಿವಳಿಕೆ ಇದೆ. ನಿಮ್ಮ ಸ್ವಸಹಾಯ ಸಂಘದ ಸಭೆ ನೆನಪು ಮಾಡಿಕೊಳ್ಳಿ. ಇಂಥ ಸಂಘಗಳಿಗೆ ಸಾಲ ಕೊಡುವುದರಲ್ಲಿ ಬೀದರ್ ಡಿಸಿಸಿ ಬ್ಯಾಂಕ್ ನಾಡಿನಲ್ಲೆಲ್ಲ ಹೆಸರು ಮಾಡಿದ್ದು, ನಮ್ಮ ಜಿಲ್ಲೆಯ ಹೆಂಗಸರಿಗೆ ಇದೇನು ಹೊಸದಲ್ಲ. ಈ ಸಲ ಸಾಲ ಯಾರಿಗೆ ಎಂಬ ಮಾತು ಎಳೆದಾಡುತ್ತಿರುವಾಗ ಒಬ್ಬಾಕೆ, 'ಇರ್ರಿ, ಮೂಲ್ಯಾಗ ಕುಂತಾಕಿ ಏನೋ ಹೇಳ್ಲತ್ತಾಳ, ಕೇಳೂಣು' ಅನ್ನುತ್ತಾಳಲ್ಲ? ಪರೀಕ್ಷಕರು ಹುಡುಕುವುದು ಆಕೆಯನ್ನು. ಬೇರೆಯವರ ಮಾತಿನ ಎಳೆ ಹಿಡಿದು ಮುಂದಕ್ಕೆ ಒಯ್ಯುವವಳು, ಹತ್ತು ನಿಮಿಷ ಉಳಿದಿದೆ ಎಂದು ನೆನಪಿಸುವವಳು, ಕೊನೆಗೆ ಒಂದು ತೀರ್ಮಾನಕ್ಕೆ ತರುವವಳು. ಬಾಯೇ ಬಿಡದೆ ಕೂತರೂ ನಡೆಯುವುದಿಲ್ಲ, ಮೊದಲ ಐದು ನಿಮಿಷದಲ್ಲಿ ಒಂದು ಮಾತಾದರೂ ಆಡಿರಬೇಕು.

ಇಂಗ್ಲಿಷ್ ಎಂಬ ಗುಮ್ಮ

ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಹುಡುಗಿಯರ ದೊಡ್ಡ ಹೆದರಿಕೆ ಇದೇ. ಕೆಲಸದ ಭಾಷೆ ಇಂಗ್ಲಿಷ್, ಅದನ್ನು ಕಲಿಯಲೇಬೇಕು, ಇದರಲ್ಲಿ ರಿಯಾಯಿತಿ ಇಲ್ಲ. ದಿನಾ ಒಂದು ಇಂಗ್ಲಿಷ್ ಸಂಪಾದಕೀಯವನ್ನು ಗಟ್ಟಿಯಾಗಿ ಓದಿ, ಐದು ಸಾಲಿನಲ್ಲಿ ಬರೆಯಲಿ. ಮೂರು ತಿಂಗಳಲ್ಲಿ ವ್ಯತ್ಯಾಸ ಕಾಣುತ್ತದೆ. ಆದರೆ ಅವರಿಗೆ ಬೇಕಾದದ್ದು ಚಿಕ್ಕ, ಸ್ಪಷ್ಟ ವಾಕ್ಯ. ಕಾನ್ವೆಂಟ್ ಉಚ್ಚಾರ ಅಲ್ಲ.

ಮತ್ತೆ ನಮ್ಮ ಹುಡುಗಿಯರು ಬರಿಗೈಯಲ್ಲಿ ಹೋಗುವವರೂ ಅಲ್ಲ. ಬೀದರಿನ ಹುಡುಗಿಗೆ ಕನ್ನಡ ಬರುತ್ತೆ, ಹಿಂದಿ-ಉರ್ದು ಬರುತ್ತೆ. ಔರಾದಿನವಳಾದರೆ ಮರಾಠಿಯೂ ಸಲೀಸು, ತೆಲುಗೂ ಕಿವಿಗೆ ಬಿದ್ದಿರುತ್ತೆ. ಮಹಾರಾಷ್ಟ್ರ, ತೆಲಂಗಾಣದ ಕಕ್ಷಿದಾರರ ಜೊತೆ ಅವರ ಮಾತಿನಲ್ಲೇ ವ್ಯವಹರಿಸಬಲ್ಲವಳು ಯಾವ ಫರ್ಮಿಗೆ ಬೇಡ? ವಕೀಲ, ವಕಾಲತ್ತು, ದಾವೆ, ಅರ್ಜಿ, ಜಾಮೀನು ಎಂದು ರಾಜ್ಯದ ಕೋರ್ಟುಗಳಲ್ಲೆಲ್ಲ ಆಡುವ ಮಾತುಗಳು ಪಾರಸಿ, ಅರಬಿಯಿಂದ ಬಂದವು. ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರ ಕಥೆ ನಮ್ಮ ಮನೆಮನೆಗೂ ಗೊತ್ತು. 'ನಿಮ್ಮೂರಿನ ಬಗ್ಗೆ ಹೇಳಿ' ಎಂದು ಇಂಟರ್‌ವ್ಯೂನಲ್ಲಿ ಕೇಳಿದರೆ 'ಹಿಂದುಳಿದ ಜಿಲ್ಲೆ ಸರ್' ಎಂದು ತಲೆ ತಗ್ಗಿಸುವ ಬದಲು ಇದನ್ನು ಹೇಳಲಿ. 371-ಜೆ ಬಗ್ಗೆ ಖಂಡಿತ ಓದಿಕೊಂಡಿರಲಿ. 2012ರ ತಿದ್ದುಪಡಿ ಕಾಯ್ದೆಯಿಂದ ಸಂವಿಧಾನಕ್ಕೆ ಸೇರಿದ ಈ ವಿಧಿ ನಮ್ಮ ಭಾಗಕ್ಕೇ ಸೇರಿದ್ದು, ಅದರ ಬಗ್ಗೆ ಬೀದರಿನ ಹುಡುಗಿಗೇ ಗೊತ್ತಿಲ್ಲದಿದ್ದರೆ ಚೆನ್ನಾಗಿರುವುದಿಲ್ಲ. 2024ರ ಜುಲೈ 1ರಿಂದ ಐಪಿಸಿ ಬದಲು ಭಾರತೀಯ ನ್ಯಾಯ ಸಂಹಿತೆ ಬಂದಿದೆ, ಹಳೆಯ ಸೆಕ್ಷನ್ ನಂಬರಿನ ಜೊತೆ ಹೊಸದೂ ಬಾಯಿಗೆ ಬರಬೇಕು.

ಬಯೋಡೇಟಾದಲ್ಲಿ ಬರೆದ ಒಂದೊಂದು ಸಾಲಿನ ಮೇಲೂ ಪ್ರಶ್ನೆ ಬರುತ್ತದೆ. ಮೂಟ್ ಕೋರ್ಟ್‌ನಲ್ಲಿ ಭಾಗವಹಿಸಿದೆ ಎಂದು ಬರೆದರೆ ಯಾವ ಪಕ್ಷ, ಏನು ವಾದ, ಎದುರಿನವರ ಬಲವಾದ ಮಾತು ಯಾವುದು ಎಂದು ಕೇಳುತ್ತಾರೆ. ಗೊತ್ತಿಲ್ಲದ್ದಕ್ಕೆ 'ಗೊತ್ತಿಲ್ಲ ಮೇಡಂ, ಆದರೆ ಇಂಥ ಕಡೆ ಹುಡುಕುತ್ತೇನೆ' ಅನ್ನುವುದು ಅವಮಾನವಲ್ಲ. ಊಹಿಸಿ ಹೇಳಿದರೆ ಮಾತ್ರ ಹಿಡಿದು ಹಿಂಡುತ್ತಾರೆ. 'ಮದುವೆ ಯಾವಾಗ?' ಎಂದು ಯಾರಾದರೂ ಕೇಳಿದರೆ? ಕೇಳಬಾರದ ಪ್ರಶ್ನೆ ಅದು, ಆದರೂ ಕೇಳುವವರಿದ್ದಾರೆ. ಸಿಟ್ಟು ಮಾಡದೆ, 'ನಾನು ಈ ಕೆಲಸದಲ್ಲಿ ನೆಲೆ ನಿಲ್ಲಬೇಕೆಂದೇ ಬಂದಿದ್ದೇನೆ' ಎಂದು ಮಾತನ್ನು ಕೆಲಸದ ಕಡೆ ತಿರುಗಿಸಲಿ. ಈ ಉತ್ತರವನ್ನು ಮನೆಯಲ್ಲೇ ಎರಡು ಸಲ ಹೇಳಿಸಿ.

ಪ್ರಯಾಣ, ಉಡುಪು ಇತ್ಯಾದಿ

ಬೆಂಗಳೂರು ಸುಮಾರು 700 ಕಿಲೋಮೀಟರ್. ಒಂದು ದಿನ ಮೊದಲೇ ತಲುಪಿ ನಿದ್ದೆ ಮಾಡಲಿ. 'ಶಕ್ತಿ' ಯೋಜನೆಯಲ್ಲಿ ಸಾಮಾನ್ಯ ಸರ್ಕಾರಿ ಬಸ್ಸು ಫ್ರೀ ಎಂದು ರಾತ್ರಿಯೆಲ್ಲ ಕೂತು ಹೋಗಿ, ಬಸ್‌ಸ್ಟ್ಯಾಂಡಿನಿಂದ ನೇರ ಇಂಟರ್‌ವ್ಯೂಗೆ ಓಡುವುದು ಬೇಡ. ಈ ಒಂದು ಸಲ ರೈಲಿನ ಬರ್ತ್‌ಗೆ ದುಡ್ಡು ಹಾಕಿ. ಹೈದರಾಬಾದ್ ಆದರೆ ಸುಮಾರು 140 ಕಿಲೋಮೀಟರ್, ಬೆಳಿಗ್ಗೆ ಹೊರಟರೂ ಆದೀತು, ಆದರೆ ಅಲ್ಲಿನ ಟ್ರಾಫಿಕ್ ನಂಬಬೇಡಿ. ಬಿಳಿ ಕುರ್ತಾ, ಕಪ್ಪು ಸಲ್ವಾರ್, ಮೇಲೊಂದು ಕಪ್ಪು ಕೋಟು ಸಾಕು, ಪ್ಯಾಂಟ್ ಹಾಕಿದರೇ ಕೆಲಸ ಕೊಡುತ್ತಾರೆ ಅನ್ನುವುದು ಸುಳ್ಳು. ಹೊಸ ಚಪ್ಪಲಿ ಅವತ್ತೇ ತೊಟ್ಟರೆ ಕಾಲು ಕಚ್ಚುತ್ತದೆ, ವಾರ ಮೊದಲೇ ಮನೆಯಲ್ಲಿ ಹಾಕಿ ತಿರುಗಲಿ. ಇಂಟರ್‌ವ್ಯೂ ಆನ್‌ಲೈನ್ ಆದರೆ ಕರೆಂಟಿನದೇ ಚಿಂತೆ. ಇನ್ವರ್ಟರ್ ಇರುವ ಮನೆ ಗೊತ್ತುಮಾಡಿಕೊಳ್ಳಿ, ಆ ಒಂದು ಗಂಟೆ ಕುಕ್ಕರ್ ಇಡಬೇಡಿ!

ಕೆಲಸ ಸಿಕ್ಕರೆ ಸಂಬಳದ ಜೊತೆ ಕೆಲಸದ ಅವಧಿಯನ್ನೂ ವಿಚಾರಿಸಿ. ದೊಡ್ಡ ಫರ್ಮ್‌ಗಳಲ್ಲಿ ರಾತ್ರಿ ಹನ್ನೊಂದು ಸಾಮಾನ್ಯ. ಮನೆಗೆ ಬಿಡಲು ವಾಹನ ಉಂಟೇ, 2013ರ ಕಾಯ್ದೆಯಂತೆ ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿ ಇದೆಯೇ? ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಅದು ಇರಲೇಬೇಕು, ತರಬೇತಿಗೆ ಬಂದವರಿಗೂ ಅನ್ವಯಿಸುತ್ತದೆ. ಮಗಳಿಗೆ ಮುಂದೆ ಜಡ್ಜ್ ಆಗುವ ಆಸೆ ಇದ್ದರೆ ಇನ್ನೊಂದು ಲೆಕ್ಕವೂ ಇದೆ: ಸಿವಿಲ್ ಜಡ್ಜ್ ಪರೀಕ್ಷೆಗೆ ಮೂರು ವರ್ಷದ ವಕೀಲಿಕೆ ಬೇಕೆಂದು 2025ರ ಮೇನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಂಥವಳಿಗೆ ಕಲಬುರಗಿಯ ಹೈಕೋರ್ಟ್ ಪೀಠವೇ ಹತ್ತಿರ. 2008ರಲ್ಲಿ ಸಂಚಾರಿಯಾಗಿ ಬಂದು 2013ರಲ್ಲಿ ಕಾಯಂ ಆದ ಪೀಠ ಅದು, ಬೀದರಿನಿಂದ ರೈಲೂ ಇದೆ.

ಭಾಲ್ಕಿಯ ಆ ಹುಡುಗಿ ಅಸೆಸ್‌ಮೆಂಟ್ ಮುಗಿಸಿ ಬಂದಿದ್ದಾಳೆ. ಉತ್ತರ ಇನ್ನೂ ಬಂದಿಲ್ಲ. ಅಲ್ಲಿಯವರೆಗೆ ಸುಮ್ಮನೆ ಕೂರದೆ ಸನ್ನದಿಗೆ ಕಾಗದಪತ್ರ ಜೋಡಿಸುತ್ತಿದ್ದಾಳೆ. ನೋಂದಣಿ ಶುಲ್ಕ ಸಾಮಾನ್ಯ ವರ್ಗಕ್ಕೆ 750 ರೂಪಾಯಿ, ಪರಿಶಿಷ್ಟರಿಗೆ 125 ರೂಪಾಯಿ ಮೀರಬಾರದೆಂದು 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಆ ಖರ್ಚು ಹಗುರಾಗಿದೆ. ಗಂಡಿನವರಿಗೆ ಅಪ್ಪ ಸದ್ಯಕ್ಕೆ ಏನೂ ಹೇಳಿಲ್ಲ.