ಗೋಡೆಯೇ ಹಾಳೆ, ಅಕ್ಕಿಯೇ ಬಣ್ಣ

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂದು ಹಿರಿಯರು ಹೇಳುವುದುಂಟು. ಸಂಸಾರಸ್ಥನ ಬಾಳಿನ ಈ ಎರಡು ದೊಡ್ಡ ಸಾಹಸಗಳೂ ಒಂದೇ ಗೋಡೆಯ ಮುಂದೆ ಬಂದು ಕೂಡುವ ಸೀಮೆಯೊಂದಿದೆ. ಅದು ನಮ್ಮ ಮಲೆನಾಡು. ಸಾಗರ, ಸೊರಬ, ಹೊಸನಗರ, ಸಿದ್ದಾಪುರಗಳ ಸುತ್ತಿನ ಹಳ್ಳಿಗಳಲ್ಲಿ ದೀವರ ಮನೆಯ ಮದುವೆಯೆಂದರೆ ಅಲ್ಲಿ ವಧೂವರರಷ್ಟೇ ಸಿಂಗಾರಗೊಳ್ಳುವ ಮತ್ತೊಂದು ವಸ್ತುವುಂಟು. ಮದುಮಕ್ಕಳು ಹಸೆಯ ಮೇಲೆ ಕುಳಿತಾಗ ಅವರಿಗೆ ಹಿನ್ನೆಲೆಯಾಗಿ ನಿಲ್ಲುವ ಗೋಡೆಯದು. ಅದನ್ನು ಹಸೆಗೋಡೆಯೆಂದು ಕರೆಯುತ್ತಾರೆ. ಅದರ ಮೇಲೆ ಮೂಡುವ ಚಿತ್ರವೇ ಹಸೆ ಚಿತ್ತಾರ.

ಈ ಚಿತ್ರವನ್ನು ಬರೆಯಲು ಪಟ್ಟಣದಿಂದ ಚಿತ್ರಗಾರನು ಬರಬೇಕಾಗಿಲ್ಲ. ಬಣ್ಣದ ಡಬ್ಬಿಗಳನ್ನು ಹೊತ್ತು ತರಬೇಕಾಗಿಯೂ ಇಲ್ಲ. ಮನೆಯ ತಾಯಿ, ಅತ್ತೆ, ಅತ್ತಿಗೆ, ನೆರೆಮನೆಯ ಕೈಪಳಗಿದ ಹಿರಿಯಾಕೆ ಇವರೇ ಚಿತ್ರಗಾರರು. ಕಣಜದ ಅಕ್ಕಿ, ಗುಡ್ಡದ ಮಣ್ಣು, ಕಾಡಿನ ಕಾಯಿ, ಪುಂಡಿಯ ನಾರು ಇವೇ ಅವರ ಸಾಮಗ್ರಿ. ಶಾಲೆಯ ಮೆಟ್ಟಿಲನ್ನೇ ಹತ್ತದ ಎಷ್ಟೋ ಮಂದಿ ಹೆಂಗಸರು ಈ ವಿದ್ಯೆಯಲ್ಲಿ ಪಾರಂಗತರಾದರು. ತಾಯಿಯ ಪಕ್ಕದಲ್ಲಿ ಕುಳಿತು ಕುಂಚ ಹಿಡಿದದ್ದೇ ಅವರಿಗೆ ಅಕ್ಷರಾಭ್ಯಾಸ.

ಅಡುಗೆಮನೆಯಲ್ಲಿ ಹುಟ್ಟಿದ ಬಣ್ಣಗಳು

ಚಿತ್ತಾರದ ಮುಖ್ಯ ಬಣ್ಣಗಳು ನಾಲ್ಕೇ: ಕೆಂಪು, ಬಿಳುಪು, ಕಪ್ಪು ಮತ್ತು ಹಳದಿ. ಕೆಂಪು ಮಲೆನಾಡಿನ ನೆಲದ್ದೇ ಬಣ್ಣ. ಕೆಮ್ಮಣ್ಣನ್ನು ನೀರಿನಲ್ಲಿ ಕದಡಿ, ಕಲ್ಲು ಮರಳುಗಳನ್ನು ಬೇರ್ಪಡಿಸಿ, ಉಳಿದ ನಯವಾದ ಮಣ್ಣನ್ನು ಗೋಡೆಗೆ ಸಾರಿಸಿದರೆ ಚಿತ್ರಕ್ಕೆ ಬೇಕಾದ ಹಾಳೆ ಸಿದ್ಧವಾಯಿತು. ಅಕ್ಕಿಯನ್ನು ನೆನೆಸಿ ನುಣ್ಣಗೆ ಅರೆದರೆ ಬಿಳುಪು. ಅದೇ ಅಕ್ಕಿಯನ್ನು ಬಾಣಲೆಯಲ್ಲಿ ಇದ್ದಲಿನಂತೆ ಕರಿಕಾಗುವವರೆಗೂ ಹುರಿದು, ನೀರೆರೆದು ಅರೆದರೆ ಕಪ್ಪು. ಹಳದಿಗೆ ಮಾತ್ರ ಕಾಡನ್ನು ಕೇಳಬೇಕು. ಗುರಿಗೆ ಕಾಯಿಯ ಬೀಜದಿಂದ ಅದು ದೊರೆಯುತ್ತದೆ. ಪುಂಡಿಯ ನಾರನ್ನು ಸಣ್ಣಗೆ ಕಟ್ಟಿದರೆ ಅದೇ ಕುಂಚ. ಒಂದೇ ಹಿಡಿ ಅಕ್ಕಿ ಒಮ್ಮೆ ಹಗಲಿನಂತೆ ಬೆಳ್ಳಗೆ, ಮತ್ತೊಮ್ಮೆ ಇರುಳಿನಂತೆ ಕಪ್ಪಗೆ ಗೋಡೆಗೆ ಬರುವುದು ಎಂಥ ಸೋಜಿಗ!

ಅಕ್ಕಿಹಿಟ್ಟಿನ ಗೆರೆಗೆ ಮತ್ತೊಂದು ಗುಣವಿದೆ. ಹಸಿಯಾಗಿರುವಾಗ ಅದು ಮಂಕಾಗಿ, ಕಂಡೂ ಕಾಣದಂತೆ ಇರುತ್ತದೆ. ಆರುತ್ತ ಬಂದಂತೆ ಬೆಳ್ಳಗೆ ಬೆಳಗುತ್ತದೆ. ಬರೆಯುವಾಕೆ ತನ್ನ ಕೆಲಸವನ್ನು ಪೂರ್ತಿಯಾಗಿ ನೋಡುವುದು ಕುಂಚವನ್ನು ಕೆಳಗಿಟ್ಟ ಮೇಲೆಯೇ. ಆದುದರಿಂದ ಇಲ್ಲಿ ಕಣ್ಣಿಗಿಂತ ಕೈಯನ್ನು ಹೆಚ್ಚಾಗಿ ನಂಬಬೇಕಾಗುತ್ತದೆ. ಆ ನಂಬಿಕೆ ಬರಬೇಕಾದರೆ ವರ್ಷಗಟ್ಟಲೆ ಅಭ್ಯಾಸ ಬೇಕು.

ರೇಖೆಗಳ ಸಂಸಾರ

ಚಿತ್ತಾರದ ಜೀವಾಳ ಗೆರೆ. ಮೊದಲು ಚೌಕಟ್ಟು; ಅದರೊಳಗೆ ಒಂದರ ಪಕ್ಕದಲ್ಲಿ ಒಂದು ಓಡುವ ಸಮಾನಾಂತರ ರೇಖೆಗಳು; ಅವುಗಳ ನಡುವೆ ತ್ರಿಕೋನ, ಚೌಕ, ಮೆಟ್ಟಿಲು, ಜಾಲರಿಗಳು. ಮದುವೆಯ ಚಿತ್ತಾರವಾದರೆ ವಧೂವರರು ಬರುತ್ತಾರೆ, ಅವರ ಬಾಸಿಂಗವೂ ಬರುತ್ತದೆ. ಗಿಡಬಳ್ಳಿ, ಹಕ್ಕಿ, ಭತ್ತದ ಸಸಿ ಹೀಗೆ ರೈತನ ಕಣ್ಣೆದುರಿನ ಪ್ರಪಂಚವೆಲ್ಲ ಗೆರೆಗಳಾಗಿ ಒಳಗೆ ಬಂದು ಸೇರುತ್ತದೆ. ಮನುಷ್ಯರ ಮೈಯೂ ಇಲ್ಲಿ ತ್ರಿಕೋನಗಳಿಂದಲೇ ಆದದ್ದು. ನೆರಳು ಬೆಳಕಿನ ಆಟವಿಲ್ಲ, ಮುಖಭಾವವಿಲ್ಲ. ಆದರೂ ನೋಡಿದವರಿಗೆ ಇದು ಮಂಗಳದ ಮನೆಯೆಂದು ತಿಳಿಯುವುದಕ್ಕೆ ತಡವಾಗುವುದಿಲ್ಲ.

ಗೋಡೆಯೊಂದೇ ಇವರ ಚಿತ್ರಶಾಲೆಯಲ್ಲ. ಆಶ್ವಯುಜ ಮಾಸದ ಹುಣ್ಣಿಮೆ ಮಲೆನಾಡಿನ ರೈತರಿಗೆ ಭೂಮಿ ಹುಣ್ಣಿಮೆ. ಪೈರು ಹೊಡೆಯಾಗಿ ತೆನೆಗೂಡುವ ಆ ಕಾಲದಲ್ಲಿ ಭೂಮಿತಾಯಿಯು ಬಸುರಿಯೆಂದು ಭಾವಿಸಿ ಆಕೆಗೆ ಬಯಕೆಯ ಊಟವನ್ನು ಹೊಲಕ್ಕೆ ಒಯ್ಯುತ್ತಾರೆ. ಆ ಊಟವನ್ನು ಹೊರುವ ಬಿದಿರಿನ ಬುಟ್ಟಿಯೇ ಭೂಮಣ್ಣಿ ಬುಟ್ಟಿ. ಅದಕ್ಕೆ ಸಗಣಿ ಬಳಿದು, ಕೆಮ್ಮಣ್ಣು ಸಾರಿಸಿ, ಅದರ ಮೇಲೆ ಅಕ್ಕಿಹಿಟ್ಟಿನಿಂದ ಚಿತ್ತಾರ ಬರೆಯುತ್ತಾರೆ. ಸೊಪ್ಪು ತರಕಾರಿಗಳ ಅಡುಗೆಯನ್ನು ಅದರಲ್ಲಿ ತುಂಬಿ, ನಸುಕಿನಲ್ಲಿ ಗದ್ದೆಗೆ ಹೊತ್ತು ಹೋಗುತ್ತಾರೆ. ಬಡಿಸುವ ಪಾತ್ರೆಗೆ ಇಷ್ಟು ಗೌರವ ಕೊಟ್ಟ ಜನ ಊಟಕ್ಕೆ, ಉಣ್ಣುವ ನೆಲಕ್ಕೆ ಎಷ್ಟು ಗೌರವ ಕೊಟ್ಟಿರಬೇಡ!

ಅಳಿಸಿ ಬರೆಯುವುದೇ ಆಯುಷ್ಯ

ಇಷ್ಟು ಶ್ರಮಪಟ್ಟು ಬರೆದ ಚಿತ್ರ ಬಹುಕಾಲ ಬಾಳುವುದಿಲ್ಲ. ಮಲೆನಾಡಿನ ಮಳೆಗಾಲದ ತೇವ ಗೋಡೆಗೆ ಏರುತ್ತದೆ. ಅಕ್ಕಿಹಿಟ್ಟಿಗೆ ಹುಳು ಹುಪ್ಪಟೆಗಳು ಆಸೆಪಡುತ್ತವೆ. ಒಲೆಯ ಹೊಗೆ ಮಸುಕು ಹಿಡಿಸುತ್ತದೆ. ಮಳೆ ನಿಂತ ಮೇಲೆ ಗೋಡೆಯನ್ನು ಮತ್ತೆ ಸಾರಿಸಲೇಬೇಕು, ಮತ್ತೆ ಬರೆಯಲೇಬೇಕು. ಹೊರಗಿನವರಿಗೆ ಇದೊಂದು ಕೊರತೆಯಾಗಿ ತೋರಬಹುದು. ಆದರೆ ಚಿತ್ತಾರವು ತಲೆಮಾರುಗಳನ್ನು ದಾಟಿ ಬಂದ ಗುಟ್ಟು ಇದೇ. ಚಿತ್ರ ಅಳಿಸುತ್ತಿತ್ತು; ಆದುದರಿಂದ ಮಗಳು ಕಲಿಯಬೇಕಾಗಿತ್ತು. ಅಳಿಸದ ಬಣ್ಣದಲ್ಲಿ ಅಜ್ಜಿಯು ಒಮ್ಮೆ ಬರೆದು ಮುಗಿಸಿದ್ದರೆ ಮೊಮ್ಮಗಳ ಕೈಗೆ ಕುಂಚವೇ ಬರುತ್ತಿರಲಿಲ್ಲ.

ಈಗ ಮಣ್ಣಿನ ಗೋಡೆಗಳೇ ಅಪರೂಪವಾಗಿವೆ. ಮಣ್ಣಿನ ಗೋಡೆ ಗೆರೆಯ ನೀರನ್ನು ಹೀರಿಕೊಂಡು ಬಣ್ಣವನ್ನು ಹಿಡಿದಿಡುತ್ತದೆ. ಎಣ್ಣೆಬಣ್ಣ ಬಳಿದ ಸಿಮೆಂಟಿನ ಗೋಡೆಗೆ ಆ ಗುಣವಿಲ್ಲ. ಅಕ್ಕಿಹಿಟ್ಟು ಅದರ ಮೇಲೆ ಜಾರುತ್ತದೆ, ಆರಿದರೆ ಉದುರುತ್ತದೆ. ಗೋಡೆ ಗಟ್ಟಿಯಾಯಿತು, ಅದರ ಮೇಲೆ ನೂರಾರು ವರ್ಷಗಳಿಂದ ಕುಳಿತಿದ್ದ ಚಿತ್ತಾರಕ್ಕೆ ಮಾತ್ರ ನೆಲೆ ತಪ್ಪಿತು. ಮಲೆನಾಡಿನ ರೈತನು ಸುಭದ್ರವಾದ ಮನೆ ಕಟ್ಟಿಕೊಂಡದ್ದು ತಪ್ಪೆಂದು ಯಾರೂ ಹೇಳಲಾರರು. ಹಾಗಾದರೆ ಚಿತ್ತಾರದ ಗತಿಯೇನು?

ಇದೇ ಪ್ರಶ್ನೆಯನ್ನು ದೇಶದ ಬೇರೆ ಕಡೆಯ ಗೋಡೆಗಳೂ ಎದುರಿಸಿವೆ. ಬಿಹಾರದ ಮಿಥಿಲೆಯಲ್ಲಿ ಹೆಂಗಸರು ಮದುವೆಯ ಕೋಣೆಯ ಗೋಡೆಗಳಿಗೆ ಚಿತ್ರ ಬರೆಯುವ ಸಂಪ್ರದಾಯವಿತ್ತು. 1934ರ ಭೂಕಂಪದಲ್ಲಿ ಮನೆಗಳು ಬಿರಿದು ನಿಂತಾಗ ಒಳಗೋಡೆಯ ಆ ಚಿತ್ರಗಳು ಡಬ್ಲ್ಯು. ಜಿ. ಆರ್ಚರ್ ಎಂಬ ಆಂಗ್ಲ ಅಧಿಕಾರಿಯ ಕಣ್ಣಿಗೆ ಬಿದ್ದವು. 1966-67ರ ಬರಗಾಲದಲ್ಲಿ ಅಖಿಲ ಭಾರತ ಕರಕುಶಲ ಮಂಡಳಿಯು ಭಾಸ್ಕರ ಕುಲಕರ್ಣಿ ಎಂಬ ಕಲಾವಿದರನ್ನು ಅಲ್ಲಿಗೆ ಕಳುಹಿಸಿ, ಗೋಡೆಯ ಚಿತ್ರವನ್ನು ಕಾಗದದ ಮೇಲೆ ಬರೆಯುವಂತೆ ಆ ಹೆಂಗಸರನ್ನು ಹುರಿದುಂಬಿಸಿತು. ಹಸಿದ ಮನೆಗಳಿಗೆ ಅದರಿಂದ ಕಾಸು ಬಂದಿತು. ಕಲೆಗೆ ಕೀರ್ತಿಯೂ ಬಂದಿತು. ಅವರಲ್ಲೊಬ್ಬರಾದ ಜಗದಂಬಾ ದೇವಿಯವರಿಗೆ 1975ರಲ್ಲಿ ಪದ್ಮಶ್ರೀ ದೊರೆಯಿತು. ಮಹಾರಾಷ್ಟ್ರದ ವಾರ್ಲಿ ಜನರೂ ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿಹಿಟ್ಟಿನಿಂದಲೇ ಬರೆಯುವವರು. ಮದುವೆಯ ಚೌಕವನ್ನು ಬರೆಯುವ ಅಧಿಕಾರ ಅಲ್ಲಿಯೂ ಮುತ್ತೈದೆಯರದು. ಆ ಕಲೆಯನ್ನು ಕಾಗದಕ್ಕೆ ತಂದು ಲೋಕಪ್ರಸಿದ್ಧಗೊಳಿಸಿದ ಜೀವ್ಯಾ ಸೋಮ ಮಾಶೆಯವರಿಗೆ 2011ರಲ್ಲಿ ಪದ್ಮಶ್ರೀ ಸಂದಿತು.

ಮಲೆನಾಡಿನ ಚಿತ್ತಾರವೂ ಈಗ ಕಾಗದ, ಬಟ್ಟೆ, ಹಲಗೆಗಳ ಮೇಲೆ ಕಾಣಿಸಿಕೊಂಡಿದೆ. ಕೊಳ್ಳುವವರಿಂದ ಬರೆಯುವಾಕೆಗೆ ನಾಲ್ಕು ಕಾಸು ದೊರೆತರೆ ಅದು ನ್ಯಾಯವೇ ಸರಿ. ಆದರೆ ಕೊಂಡು ತಂದ ಚಿತ್ರ ಗೋಡೆಯನ್ನು ಸಿಂಗರಿಸೀತೇ ಹೊರತು ಮನೆಯವರ ಕೈಯನ್ನು ಪಳಗಿಸಲಾರದು. ಆ ಕೆಲಸಕ್ಕೆ ಮನೆಯಲ್ಲೇ ಅಕ್ಕಿ ನೆನೆಯಬೇಕು.

ಪಟ್ಟಣದ ಮನೆಯಲ್ಲಿ ಚಿತ್ತಾರ

ಬಾಡಿಗೆ ಮನೆಯವರು ಗೋಡೆ ಮುಟ್ಟುವಂತಿಲ್ಲ. ಅದಕ್ಕಾಗಿ ಕೊರಗಬೇಕಾಗಿಲ್ಲ. ಒಂದೂವರೆ ಅಡಿ ಚೌಕದ ಒಂದು ಪ್ಲೈವುಡ್ ಹಲಗೆ, ಇಲ್ಲವೆ ಹಳೆಯ ಮೊರ, ಬಿದಿರಿನ ಬುಟ್ಟಿ, ಮಣ್ಣಿನ ಮಡಕೆ ಯಾವುದಾದರೂ ಸಾಕು. ಕೆಮ್ಮಣ್ಣು ಸಿಗದಿದ್ದರೆ ಹೊಸಿಲಿಗೆ ಬಳಿಯುವ ಜಾಜು ಆದೀತು. ಅದಕ್ಕೆ ಸ್ವಲ್ಪ ಗೋಂದಿನ ನೀರು ಬೆರೆಸಿ ತೆಳುವಾಗಿ ಎರಡು ಸಲ ಬಳಿಯಬೇಕು. ಮೊದಲನೆಯದು ಚೆನ್ನಾಗಿ ಆರಿದ ಮೇಲೆ ಎರಡನೆಯದು.

ಒಂದು ಹಿಡಿ ಅಕ್ಕಿಯನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಗಂಧದಂತೆ ಅರೆದು, ತೆಳುವಾದ ಬಟ್ಟೆಯಲ್ಲಿ ಸೋಸಬೇಕು. ಹಾಲಿಗಿಂತ ಮಂದ, ದೋಸೆಹಿಟ್ಟಿಗಿಂತ ತೆಳು, ಇದು ಹದ. ಇದಕ್ಕೂ ಎರಡು ಹನಿ ಗೋಂದು ಬೆರೆತರೆ ಗೆರೆ ಉದುರದು. ಅರೆದ ಹಿಟ್ಟು ಮರುದಿನಕ್ಕೆ ಹುಳಿಯುವುದರಿಂದ ಬೇಕಾದಷ್ಟನ್ನೇ ಮಾಡಿಕೊಳ್ಳುವುದು ಮೇಲು. ಗುರಿಗೆ ಕಾಯಿ ಪಟ್ಟಣದಲ್ಲಿ ಸಿಗದು. ಅದರ ಬದಲು ಅರಿಸಿನವನ್ನು ಬಳಸಬಹುದು. ಆದರೆ ಅದು ಬಿಸಿಲಿಗೆ ಬೇಗ ಮಾಸುತ್ತದೆ. ಸುಣ್ಣ ತಗಲಿದರಂತೂ ಓಕುಳಿಯಂತೆ ಕೆಂಪಾಗುತ್ತದೆ. ಸುಣ್ಣ ಬಳಿದ ಗೋಡೆಗೆ ಅರಿಸಿನದ ಕುಂಚ ಸಲ್ಲದು.

ಮೊದಲ ಸಲ ಗೆರೆ ಸೊಟ್ಟಗಾಗುವುದು ಸಹಜ. ಬಡಗಿಯು ಮರಕ್ಕೆ ಗುರುತು ಹಾಕುವಂತೆ, ಹಿಟ್ಟಿನಲ್ಲಿ ಅದ್ದಿದ ನೂಲನ್ನು ಇಬ್ಬರು ಬಿಗಿಯಾಗಿ ಹಿಡಿದು ಮೆಲ್ಲನೆ ಮಿಡಿದರೆ ನೆಟ್ಟಗಿನ ಗುರುತು ಬೀಳುತ್ತದೆ. ಮೊದಲು ಚೌಕಟ್ಟು, ಬಳಿಕ ಮೂಲೆಗಳು, ಕೊನೆಗೆ ನಡುವಿನ ಚಿತ್ರ, ಹೀಗೆ ಹೊರಗಿನಿಂದ ಒಳಕ್ಕೆ ಸಾಗಿದರೆ ಕೆಲಸ ಸುಲಭ. ನೂಲಿನ ಒಂದು ತುದಿಯನ್ನು ಮಗುವಿಗೆ ಕೊಟ್ಟರೆ ಅದೂ ಚಿತ್ರಗಾರರ ಸಾಲಿಗೆ ಸೇರಿತು. ಸೊಟ್ಟಗಾದ ಗೆರೆಯನ್ನು ಒದ್ದೆ ಬಟ್ಟೆಯಿಂದ ಒರಸಿ, ಆ ಜಾಗಕ್ಕೆ ಮತ್ತೆ ಜಾಜು ಬಳಿದು ಪುನಃ ಬರೆಯಬಹುದು.

ಒಂದು ಎಚ್ಚರ ಅಗತ್ಯ. ಹಸೆ ಚಿತ್ತಾರ ದೀವರ ಹೆಣ್ಣುಮಕ್ಕಳು ಕಾಪಾಡಿಕೊಂಡು ಬಂದ ಮಂಗಳದ್ರವ್ಯ. ಅದನ್ನು ಕಾಲೊರಸುವ ಚಾಪೆಗೆ ಬರೆಯುವುದು ಒಪ್ಪುವುದಿಲ್ಲ. 'ಇದೇನು?' ಎಂದು ಅತಿಥಿಗಳು ಕೇಳಿದಾಗ ಇದು ಯಾರ ಮನೆಯ ವಿದ್ಯೆಯೆಂದು ಹೇಳುವುದು ಕಲಿತವರು ಸಲ್ಲಿಸಬೇಕಾದ ಗುರುದಕ್ಷಿಣೆ.

ವರ್ಷ ಕಳೆದಾಗ ಹಲಗೆಯ ಮೇಲಿನ ಚಿತ್ರ ಮಾಸುತ್ತದೆ. ಆಗ ಅದನ್ನು ಅಟ್ಟಕ್ಕೆ ಎಸೆಯದೆ, ದಸರೆಯ ರಜೆಯಲ್ಲೊಂದು ಮಧ್ಯಾಹ್ನ ಮತ್ತೆ ಜಾಜು ಬಳಿದು, ಈ ಸಲ ಕುಂಚವನ್ನು ಮಗಳ ಕೈಗೋ ಮಗನ ಕೈಗೋ ಕೊಡಬೇಕು. ನೂಲಿನ ತುದಿ ಹಿಡಿದಿದ್ದ ಮಗು ಗೆರೆ ಎಳೆಯಲು ಕುಳಿತ ದಿನ ಚಿತ್ತಾರಕ್ಕೆ ಆ ಮನೆಯಲ್ಲಿ ಗೋಡೆ ಸಿಕ್ಕಿತೆಂದೇ ತಿಳಿಯಬೇಕು.