ಜರ್ಮನಿಯಲ್ಲಿ ಓದು: ಉಳಿತಾಯದ ತಪ್ಪು ಲೆಕ್ಕಗಳು

ಜರ್ಮನಿಗೆ ಓದಲು ಹೋಗುವವರು ವೀಸಾಕ್ಕಾಗಿ ಬ್ಲಾಕ್ಡ್ ಅಕೌಂಟಿನಲ್ಲಿ (ತಿಂಗಳಿಗೆ ಇಂತಿಷ್ಟೇ ಎಂದು ಹಣ ಬಿಡುವ ಖಾತೆ) ಒಂದು ವರ್ಷಕ್ಕೆ 11,904 ಯೂರೋ ಇಡಬೇಕೆಂಬ ನಿಯಮ 2024ರ ಸೆಪ್ಟೆಂಬರ್‌ನಲ್ಲಿ ಬಂತು. ಅದರಿಂದ ತಿಂಗಳಿಗೆ ಕೈಗೆ ಸಿಗುವುದು 992 ಯೂರೋ. ಬಾಡಿಗೆ, ವಿಮೆ, ಊಟ ಎಲ್ಲ ಅದರಲ್ಲೇ ಆಗಬೇಕು. ಪ್ರತಿ ಯೂರೋವನ್ನೂ ರೂಪಾಯಿಗೆ ಗುಣಿಸುತ್ತ ಮಕ್ಕಳು ಮೊದಲು ಕತ್ತರಿ ಹಾಕುವುದು ಊಟಕ್ಕೆ. ದುಡ್ಡು ಸೋರುವುದು ಮಾತ್ರ ಬೇರೆ ಕಡೆ.

‘ಟಿವಿಯೇ ಇಲ್ಲ, ಪ್ರಸಾರ ಶುಲ್ಕ ಯಾಕೆ?’ ಎಂಬುದು ಬಹಳ ಜನರ ನಂಬಿಕೆ. ವಿಳಾಸ ನೋಂದಾಯಿಸಿದ ಮೇಲೆ ಬರುವ ಆ ಕಾಗದವನ್ನು ಜಾಹೀರಾತೆಂದು ಮೂಲೆಗೆ ಎಸೆಯುವವರಿದ್ದಾರೆ. ಈ ಶುಲ್ಕ ಟಿವಿಗಲ್ಲ, ಮನೆಗೆ, ತಿಂಗಳಿಗೆ 18.36 ಯೂರೋ. ಉತ್ತರ ಕೊಡದಿದ್ದರೆ ಬಾಕಿಯ ಮೇಲೆ ದಂಡವೂ ಸೇರುತ್ತದೆ. ಆದರೆ ಒಂದು ಮನೆಗೆ ಒಂದೇ ಶುಲ್ಕ. ಒಂದೇ ಫ್ಲಾಟಿನಲ್ಲಿ ನಾಲ್ವರಿದ್ದರೆ ತಲೆಗೆ ಬೀಳುವುದು 4.59 ಯೂರೋ. ಒಬ್ಬರು ಕಟ್ಟಲಿ, ಉಳಿದವರು ಅವರ ಶುಲ್ಕದ ಸಂಖ್ಯೆಯನ್ನು ಬರೆದು ಕಳಿಸಿದರೆ ಸಾಕು. ದೇಶ ಬಿಡುವಾಗ ಈ ಶುಲ್ಕದ ಪಟ್ಟಿಯಿಂದ ಹೆಸರು ತೆಗೆಸುವುದನ್ನು ಮರೆಯಬಾರದು.

ಇದಕ್ಕಿಂತ ದುಬಾರಿಯಾದ ತಪ್ಪು ಆರೋಗ್ಯ ವಿಮೆಯದು. ಖಾಸಗಿ ವಿಮೆಯ ಕಂತು ಕಡಿಮೆ, ಹಾಗಾಗಿ ಅದೇ ಲಾಭ ಎಂದು ಸಹಿ ಹಾಕುತ್ತಾರೆ. ಮೂವತ್ತು ವರ್ಷದೊಳಗಿನವರಿಗೆ ಸಾರ್ವಜನಿಕ ವಿಮೆಯಲ್ಲಿ ವಿದ್ಯಾರ್ಥಿ ದರವಿದೆ. ಖಾಸಗಿ ವಿಮೆಗಾಗಿ ಸಾರ್ವಜನಿಕ ವಿಮೆಯಿಂದ ಒಮ್ಮೆ ವಿನಾಯಿತಿ ಪಡೆದರೆ, ಓದು ಮುಗಿಯುವವರೆಗೆ ವಾಪಸ್ ಬರಲಾಗದು. ಹಲವು ಅಗ್ಗದ ಪಾಲಿಸಿಗಳು ಮೊದಲೇ ಇದ್ದ ಕಾಯಿಲೆಗೆ ದುಡ್ಡು ಕೊಡುವುದಿಲ್ಲ. ಆಸ್ತಮಾ, ಥೈರಾಯ್ಡ್ ಇರುವವರು ಎರಡು ಸಲ ಯೋಚಿಸಿ.

ಇನ್ನು ಸೂಟ್‌ಕೇಸ್. ‘ಎಲ್ಲ ಇಲ್ಲಿಂದಲೇ ಒಯ್ದರೆ ಉಳಿತಾಯ’ ಎಂದು ಅಮ್ಮಂದಿರು ತುಪ್ಪ, ಪೇಡಾ, ಕರಿಬೇವು ತುಂಬಿಸುತ್ತಾರೆ. ಹಾಲಿನ ಪದಾರ್ಥ, ಮಾಂಸವನ್ನು ಯುರೋಪಿಯನ್ ಒಕ್ಕೂಟದೊಳಗೆ ಒಯ್ಯುವಂತಿಲ್ಲ. ಹಸಿ ಸೊಪ್ಪಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಕಸ್ಟಮ್ಸ್‌ನವರ ಕಣ್ಣಿಗೆ ಬಿದ್ದರೆ ಎಲ್ಲ ಅಲ್ಲೇ ಹೋಗುತ್ತದೆ. ಸಾರಿನ ಪುಡಿ, ಚಟ್ನಿಪುಡಿ ಕಟ್ಟಿಕೊಡಿ. ಅಕ್ಕಿ, ಬೇಳೆ, ಕಡಲೆ ಅಲ್ಲಿನ ತುರ್ಕಿ ಅಂಗಡಿಗಳಲ್ಲೇ ಸಿಗುತ್ತವೆ.

ನೀರನ್ನಂತೂ ಕೊಳ್ಳಲೇಬೇಕಿಲ್ಲ, ನಲ್ಲಿ ನೀರನ್ನು ನಿಶ್ಚಿಂತೆಯಿಂದ ಕುಡಿಯಬಹುದು. ಕೊಂಡರೂ ಒಮ್ಮೆ ಬಳಸುವ ಪ್ಲಾಸ್ಟಿಕ್ ಬಾಟಲಿಗೆ 25 ಸೆಂಟ್ ಠೇವಣಿ ಹಿಡಿದಿರುತ್ತಾರೆ. ಸೂಪರ್‌ಮಾರ್ಕೆಟಿನ ಯಂತ್ರಕ್ಕೆ ಖಾಲಿ ಬಾಟಲಿ ಹಾಕಿ, ಬಂದ ಚೀಟಿಯನ್ನು ಬಿಲ್ ಕೌಂಟರಿನಲ್ಲಿ ಕೊಟ್ಟರೆ ಅಷ್ಟೂ ವಾಪಸ್.

ಕೊನೆಯದು ‘ಎಷ್ಟು ದುಡಿದರೆ ಅಷ್ಟು ಉಳಿತಾಯ’ ಎಂಬ ನಂಬಿಕೆ. ಭಾರತೀಯ ವಿದ್ಯಾರ್ಥಿಗಳಿಗೆ ವರ್ಷಕ್ಕೆ 140 ಪೂರ್ಣ ದಿನದ ಕೆಲಸಕ್ಕೆ ಅನುಮತಿಯಿದೆ. ಅಷ್ಟನ್ನೂ ಬಳಸಲೇಬೇಕೆಂದೇನಿಲ್ಲ. ರಾತ್ರಿ ಗೋದಾಮಿನಲ್ಲಿ ದುಡಿದು, ಬೆಳಗಿನ ಕ್ಲಾಸು ತಪ್ಪಿಸಿ, ಪರೀಕ್ಷೆ ಕೈಬಿಟ್ಟು ಓದು ಒಂದು ಸೆಮಿಸ್ಟರ್ ಮುಂದೆ ಹೋಯಿತೆನ್ನಿ: ತಿಂಗಳಿಗೆ 992ರಂತೆ ಆರು ತಿಂಗಳಿಗೆ 5,952 ಯೂರೋ ಹೆಚ್ಚಿನ ಖರ್ಚು. ಪರೀಕ್ಷೆಯ ವಾರಗಳಲ್ಲಿ ದಯವಿಟ್ಟು ಶಿಫ್ಟ್ ಒಪ್ಪಿಕೊಳ್ಳಬೇಡಿ.