ಅರೆದಲೆನೋವು ಮತ್ತು ಅದರ ಲೆಕ್ಕದ ಪುಸ್ತಕ

ತಲೆಯಿದ್ದವರಿಗೆಲ್ಲ ತಲೆನೋವು ಇದ್ದದ್ದೇ ಎಂದು ನಗೆಯಾಡುವುದುಂಟು. ನೆಗಡಿಯ ತಲೆಭಾರ, ನಿದ್ದೆಗೆಟ್ಟ ಮರುದಿನದ ನೋವು, ದಿನವೆಲ್ಲ ದುಡಿದು ದಣಿದ ಸಂಜೆಯ ಬಿಗಿತ, ಇವೆಲ್ಲ ಒಂದು ಲೋಟ ಕಾಫಿಗೋ ಒಂದು ರಾತ್ರಿಯ ವಿಶ್ರಾಂತಿಗೋ ಇಳಿದುಹೋಗುತ್ತವೆ. ಇವುಗಳ ಸಾಲಿಗೆ ಸೇರದ ಮತ್ತೊಂದು ತಲೆನೋವುಂಟು. ಅದು ತಿಂಗಳಿಗೊಮ್ಮೆಯೋ ವಾರಕ್ಕೊಮ್ಮೆಯೋ ಮರಳಿ ಮರಳಿ ಬರುತ್ತದೆ. ಬಂದ ದಿನದ ಕೆಲಸವನ್ನೆಲ್ಲ ಕೆಡಿಸಿ ಹೋಗುತ್ತದೆ. ನಮ್ಮವರು ಇದನ್ನು ಅರೆದಲೆನೋವು ಎಂದರು. ತಲೆಯ ಅರೆ ಅರೆದಲೆ. ವ್ಯಾಕರಣದಲ್ಲಿ ಇದು ಅಂಶಿಸಮಾಸ. ಸಂಸ್ಕೃತದ ವೈದ್ಯಗ್ರಂಥಗಳಲ್ಲಿ ಇದರ ಹೆಸರು ಅರ್ಧಾವಭೇದಕ. ಇಂದು ಎಲ್ಲರ ಬಾಯಲ್ಲಿರುವ ಮೈಗ್ರೇನ್ ಎಂಬ ಮಾತು ಕೂಡ ಅರ್ಧ ಕಪಾಲ ಎಂಬ ಅರ್ಥದ ಗ್ರೀಕ್ ಪದವೊಂದು ಸವೆದು ಉಳಿದ ರೂಪ.

ಸುಶ್ರುತಸಂಹಿತೆಯ ಉತ್ತರತಂತ್ರವು ಈ ನೋವು ಹದಿನೈದು ದಿನಕ್ಕೊಮ್ಮೆಯೋ ಹತ್ತು ದಿನಕ್ಕೊಮ್ಮೆಯೋ ಅಥವಾ ಅಕಸ್ಮಾತ್ತಾಗಿಯೋ ಬರುವುದೆಂದು ಹೇಳುತ್ತದೆ. ಚರಕಸಂಹಿತೆ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಒಣ ಆಹಾರ, ಅತಿಯಾದ ಊಟ, ಮೂಡಣ ಗಾಳಿ, ಮಂಜು, ಮಲಮೂತ್ರಗಳ ವೇಗವನ್ನು ತಡೆಯುವುದು, ಆಯಾಸ, ಇವುಗಳನ್ನು ಕಾರಣಗಳೆಂದು ಪಟ್ಟಿಮಾಡುತ್ತದೆ. ಅವರು ವಿವರಿಸಿದ ದೋಷಸಿದ್ಧಾಂತವು ಇಂದಿನ ವೈದ್ಯದ ಮಾರ್ಗವಲ್ಲ. ಆದರೆ ನೋವು ಸುಮ್ಮನೆ ಬರುವುದಿಲ್ಲ, ಅದನ್ನು ಕೆರಳಿಸುವ ಸಂಗತಿಗಳಿವೆ, ಅವನ್ನು ಗಮನಿಸಿ ಬರೆದಿಡಬೇಕು ಎಂಬ ವಿವೇಕ ಅವರಿಗಿತ್ತು. ಈ ಲೇಖನದ ಉದ್ದೇಶವೂ ಅದೇ. ಅರೆದಲೆನೋವಿನ ಚಿಕಿತ್ಸೆಯಲ್ಲಿ ಔಷಧದಷ್ಟೇ ಮುಖ್ಯವಾದದ್ದು ರೋಗಿಯ ಕೈಯಲ್ಲಿರುವ ಒಂದು ಲೆಕ್ಕದ ಪುಸ್ತಕ.

ಮೊದಲು ಗುರುತನ್ನು ತಿಳಿಯೋಣ. ಈ ನೋವು ಹೆಚ್ಚಾಗಿ ತಲೆಯ ಒಂದು ಪಕ್ಕದಲ್ಲಿ, ಕಣತಲೆಯಲ್ಲಿ ಅಥವಾ ಕಣ್ಣಿನ ಹಿಂದೆ, ನಾಡಿಯ ಬಡಿತದೊಡನೆ ಸಿಡಿಯುತ್ತದೆ. ಮೆಟ್ಟಿಲು ಹತ್ತಿದರೆ, ಬಗ್ಗಿ ಕಸ ಗುಡಿಸಿದರೆ ಇಮ್ಮಡಿಸುತ್ತದೆ. ಹೊಟ್ಟೆ ತೊಳಸುತ್ತದೆ, ವಾಂತಿಯೂ ಆಗಬಹುದು. ಬೆಳಕು ಕಣ್ಣಿಗೆ ಚುಚ್ಚುತ್ತದೆ, ಸದ್ದು ಸಹಿಸದು. ಬೇರೆ ದಿನ ಕಿವಿಗೊಟ್ಟು ಕೇಳುತ್ತಿದ್ದ ಆಲಾಪನೆಯನ್ನೇ ಆ ದಿನ ನಿಲ್ಲಿಸಿರೆಂದು ಬೇಡಿಕೊಳ್ಳುವಂತಾಗುತ್ತದೆ. ಔಷಧವಿಲ್ಲದೆ ಬಿಟ್ಟರೆ 4 ಗಂಟೆಯಿಂದ 72 ಗಂಟೆಯವರೆಗೆ ಕಾಡುತ್ತದೆ. ಮಕ್ಕಳಲ್ಲಿ ಕಾಲ ಕಡಿಮೆ. ನೋವು ಹಣೆಯ ಎರಡೂ ಕಡೆ ಇರಬಹುದು. ಕೆಲವು ಮಕ್ಕಳಿಗೆ ತಲೆಗಿಂತ ಹೊಟ್ಟೆನೋವೂ ವಾಂತಿಯೂ ಮುಂದಾಗಿ ಕಾಣುತ್ತವೆ.

ಇದು ಅಪರೂಪದ ಕಾಯಿಲೆಯೆಂದು ಎಣಿಸಬೇಡಿ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ಬೆಂಗಳೂರಿನಲ್ಲೂ ಸುತ್ತಲಿನ ಹಳ್ಳಿಗಳಲ್ಲೂ ಮನೆಮನೆಗೆ ಹೋಗಿ ವಿಚಾರಿಸಿ, 2015ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ವಯಸ್ಕರಲ್ಲಿ ಸುಮಾರು ನಾಲ್ವರಿಗೊಬ್ಬರು ಒಂದು ವರ್ಷದ ಅವಧಿಯಲ್ಲಿ ಅರೆದಲೆನೋವನ್ನು ಅನುಭವಿಸಿದ್ದರು. ಗಂಡಸರಿಗಿಂತ ಹೆಂಗಸರಲ್ಲಿ ಇದು ಎರಡು ಮೂರು ಪಾಲು ಹೆಚ್ಚು. ಹೀಗಿದ್ದರೂ ಇದಕ್ಕೆ ಸಲ್ಲಬೇಕಾದ ಮರ್ಯಾದೆ ಸಲ್ಲುವುದಿಲ್ಲ. ಗಾಯವಿಲ್ಲ, ಜ್ವರವಿಲ್ಲ, ಮರುದಿನ ಎದ್ದು ಓಡಾಡುತ್ತಾರೆ. ಆದಕಾರಣ ನೋವು ನೆಪವೆಂದು ಮನೆಯವರು ಭಾವಿಸುತ್ತಾರೆ. ಇಲ್ಲವೇ ಕಣ್ಣಿನ ದೋಷವೆಂದು ಕನ್ನಡಕದ ಮೇಲೆ ಕನ್ನಡಕ ಬದಲಾಯಿಸುತ್ತಾರೆ. ಸೈನಸ್ ಎಂದು ವರ್ಷಗಟ್ಟಲೆ ಹಬೆ ಹಿಡಿಯುತ್ತಾರೆ. ಸೈನಸ್ ತಲೆನೋವೆಂದು ತಾವೇ ನಿರ್ಧರಿಸಿಕೊಂಡವರಲ್ಲಿ ಬಹುಪಾಲು ಮಂದಿಗೆ ಇರುವುದು ಅರೆದಲೆನೋವೇ.

ತಲೆಯೊಳಗೆ ನಡೆಯುವುದೇನು? ಕೆಲವರ ಮಿದುಳು ಹುಟ್ಟಿನಿಂದಲೇ ಬದಲಾವಣೆಗೆ ಬೇಗ ಕೆರಳುವಂಥದು. ಇದು ವಂಶದಲ್ಲಿ ಹರಿದುಬರುವ ಗುಣ. ತಾಯಿಗಿದ್ದರೆ ಮಗಳಿಗೂ ಇರುವುದನ್ನು ನೀವೇ ಕಂಡಿರಬಹುದು. ಇಂಥ ಮಿದುಳು ಕೆರಳಿದಾಗ, ಮುಖಕ್ಕೂ ಮಿದುಳಿನ ಹೊದಿಕೆಗೂ ಮೂರು ಕವಲಾಗಿ ಹರಡಿರುವ ಐದನೆಯ ಕಪಾಲನರವು ಎಚ್ಚರಗೊಳ್ಳುತ್ತದೆ. ಅದರ ತುದಿಗಳಿಂದ ಸೂಸುವ ರಾಸಾಯನಿಕಗಳು ಅಲ್ಲಿಯ ರಕ್ತನಾಳಗಳನ್ನು ಹಿಗ್ಗಿಸಿ ನೋವಿನ ಸುದ್ದಿಯನ್ನು ಒಂದೇ ಸಮನೆ ಕಳುಹಿಸುತ್ತವೆ. ಮೂವರಲ್ಲೋ ನಾಲ್ವರಲ್ಲೋ ಒಬ್ಬರಿಗೆ ನೋವಿಗೆ ಮೊದಲು ಕಣ್ಣಮುಂದೆ ಕೋಟೆಯ ತೆನೆಗಳಂತೆ ಅಂಕುಡೊಂಕಾದ ಹೊಳೆಯುವ ಗೆರೆಗಳು ಮೂಡಿ, ಮೆಲ್ಲಗೆ ಹಬ್ಬಿ, 5 ನಿಮಿಷದಿಂದ 60 ನಿಮಿಷದೊಳಗೆ ಅಳಿಸಿಹೋಗುತ್ತವೆ. ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ಲಾಶ್ಲಿ ತಮಗೇ ಕಾಣುತ್ತಿದ್ದ ಈ ಗೆರೆಗಳ ಚಿತ್ರ ಬರೆದು, ಮಿದುಳಿನ ಮೇಲೆ ಏನೋ ಒಂದು ನಿಮಿಷಕ್ಕೆ ಸುಮಾರು 3 ಮಿಲಿಮೀಟರಿನಂತೆ ಸರಿಯುತ್ತಿರಬೇಕೆಂದು 1941ರಲ್ಲಿ ಲೆಕ್ಕ ಹಾಕಿದರು. 1944ರಲ್ಲಿ ಬ್ರೆಜಿಲ್ ದೇಶದ ವಿಜ್ಞಾನಿ ಲೆಯಾವ್ ಮೊಲದ ಮಿದುಳಿನಲ್ಲಿ ಅಂಥದೇ ನಿಧಾನದ ಅಲೆಯನ್ನು ಕಂಡು ವರದಿಮಾಡಿದರು. ನೆಪಕ್ಕೆ ಇಂಥ ಅಲೆ ಏಳುವುದಿಲ್ಲವಷ್ಟೆ.

ಇನ್ನು ಕೆರಳಿಸುವ ಕಾರಣಗಳಿಗೆ ಬರೋಣ. ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವವು ಇವು. ಮೊದಲನೆಯದು ಹಸಿವು: ಏಕಾದಶಿ, ಶಿವರಾತ್ರಿಗಳ ಉಪವಾಸ ಮಾತ್ರವಲ್ಲ, ಎಲ್ಲರಿಗೂ ಬಡಿಸಿ ಮೂರು ಗಂಟೆಗೆ ಎಲೆ ಹಾಕಿಕೊಳ್ಳುವ ಗೃಹಿಣಿಯ ದಿನನಿತ್ಯದ ಹಸಿವೂ ಇದರಲ್ಲಿ ಸೇರಿದೆ. ಎರಡನೆಯದು ನಿದ್ದೆ: ಕಡಿಮೆಯಾದರೂ ನೋವು, ಭಾನುವಾರ ಹೊತ್ತು ಮೀರಿ ಮಲಗಿದರೂ ನೋವು. ಮೂರನೆಯದು ಕಾಫಿ: ದಿನವೂ ಗಟ್ಟಿ ಡಿಕಾಕ್ಷನ್ನಿನ ಕಾಫಿಗೆ ಒಗ್ಗಿದವರು ಒಂದು ದಿನ ತಪ್ಪಿಸಿದರೆ ಇಪ್ಪತ್ತನಾಲ್ಕು ಗಂಟೆಯೊಳಗೆ ತಲೆ ಸಿಡಿಯಬಹುದು. ನಾಲ್ಕನೆಯದು ಬಿಸಿಲು, ಮಿನುಗುವ ದೀಪ, ಬಸ್ಸಿನ ಪ್ರಯಾಣ. ಐದನೆಯದು ವಾಸನೆ: ಊದುಬತ್ತಿಯ ಹೊಗೆ, ಸೆಂಟು, ಪೆಟ್ರೋಲು, ಮೆಣಸಿನಕಾಯಿ ಒಗ್ಗರಣೆಯ ಘಾಟು. ಆರನೆಯದು ಹೆಂಗಸರ ತಿಂಗಳ ದಿನಗಳು: ಮುಟ್ಟಿಗೆ ಎರಡು ದಿನ ಮುಂಚಿನಿಂದ ಮೂರನೆಯ ದಿನದವರೆಗೆ, ಈಸ್ಟ್ರೋಜನ್ ಎಂಬ ರಸ ಇಳಿಯುವ ಕಾರಣ ನೋವು ಹೆಚ್ಚು. ಏಳನೆಯದು ಮನಸ್ಸಿನ ಒತ್ತಡ. ಒತ್ತಡ ಕಳೆದ ಕೂಡಲೇ ಬರುವುದೂ ಇದೆ. ಮದುವೆಯ ಗದ್ದಲದಲ್ಲಿ ಬಾರದ ನೋವು, ಬೀಗರು ಹೊರಟ ಮರುದಿನ ಬರುತ್ತದೆ.

ನಮ್ಮ ದೇಶದಲ್ಲಿ ಎದ್ದುಕಾಣುವ ಇನ್ನೊಂದು ಕಾರಣವುಂಟು: ತಲೆಗೆ ನೀರೆರೆದುಕೊಳ್ಳುವುದು. ಮುಂಬಯಿಯ ತಲೆನೋವು ತಜ್ಞರೊಬ್ಬರು ತಲೆಸ್ನಾನದಿಂದ ನೋವು ಕೆರಳುವ 94 ಮಂದಿ ರೋಗಿಗಳನ್ನು ಗಮನಿಸಿ 2006ರಲ್ಲಿ ಲೇಖನ ಪ್ರಕಟಿಸಿದರು. ಉದ್ದ ಕೂದಲನ್ನು ಒದ್ದೆಯಾಗಿಯೇ ಗಂಟುಕಟ್ಟಿ ಅಡಿಗೆಮನೆಗೆ ಓಡುವ ನಮ್ಮ ತಾಯಂದಿರು ಇದನ್ನು ಗಮನಿಸಬೇಕು. ಶುಕ್ರವಾರ ಎರೆದುಕೊಂಡು, ಪೂಜೆ ಮುಗಿಯುವವರೆಗೆ ಏನೂ ತಿನ್ನದೆ, ಊದುಬತ್ತಿಯ ಹೊಗೆಯಲ್ಲಿ ಕುಳಿತರೆ ಮೂರು ಕಾರಣಗಳು ಒಂದಾದವು.

ಈ ಕೊನೆಯ ಮಾತಿನಲ್ಲೇ ಮುಖ್ಯವಾದ ತತ್ತ್ವವಿದೆ. ಕಾರಣಗಳು ಒಂದೊಂದಾಗಿ ಬಿಂದಿಗೆಗೆ ಬೀಳುವ ನೀರಿನಂತೆ ಕೂಡುತ್ತವೆ. ಬಿಸಿಲು ಅರ್ಧ ತುಂಬಿತು. ನಿದ್ದೆಗೇಡು ಮುಕ್ಕಾಲು ಮಾಡಿತು. ತಡವಾದ ಊಟ ಉಕ್ಕಿಸಿತು. ಆದುದರಿಂದಲೇ ಅದೇ ಬಿಸಿಲು ಒಂದು ದಿನ ಏನೂ ಮಾಡದು, ಇನ್ನೊಂದು ದಿನ ಮಲಗಿಸುತ್ತದೆ. ಇದನ್ನರಿಯದವರು ನನಗೆ ಕಾರಣವೇ ಇಲ್ಲವೆಂದು ಕೈಚೆಲ್ಲುತ್ತಾರೆ, ಇಲ್ಲವೇ ಕಂಡಕಂಡ ತಿಂಡಿಯನ್ನೆಲ್ಲ ಬಿಟ್ಟು ಸೊರಗುತ್ತಾರೆ.

ಇನ್ನೊಂದು ಭ್ರಾಂತಿಯಿಂದಲೂ ಪಾರಾಗಬೇಕು. ನೋವಿಗೆ ಕೆಲವು ಗಂಟೆ, ಕೆಲವೊಮ್ಮೆ ಒಂದೆರಡು ದಿನ ಮೊದಲೇ ಮಿದುಳಿನಲ್ಲಿ ಕೆಲಸ ಆರಂಭವಾಗಿರುತ್ತದೆ. ಆಗ ಪದೇ ಪದೇ ಆಕಳಿಕೆ, ಕತ್ತಿನ ಬಿಗಿತ, ಸಿಡುಕು, ಸಿಹಿ ತಿನ್ನಬೇಕೆಂಬ ಚಪಲ ಕಾಣುತ್ತವೆ. ಚಪಲಕ್ಕೆ ಮಣಿದು ಮೈಸೂರುಪಾಕು ತಿಂದವರು ಸಂಜೆ ನೋವು ಬಂದಾಗ ಮೈಸೂರುಪಾಕನ್ನು ದೂರುತ್ತಾರೆ. ನಿಜವಾಗಿ ಆ ಚಪಲವೇ ನೋವಿನ ಮುನ್ಸೂಚನೆಯಾಗಿದ್ದೀತು. ಕಾರಣ ಯಾವುದು, ಮುನ್ಸೂಚನೆ ಯಾವುದು ಎಂಬುದನ್ನು ಬೇರ್ಪಡಿಸಲು ನೆನಪನ್ನು ನಂಬಿದರೆ ಸಾಲದು. ಇಲ್ಲಿಯೇ ಪುಸ್ತಕದ ಉಪಯೋಗ.

ಒಂದು ನೂರು ಪುಟದ ನೋಟುಬುಕ್ಕು ಸಾಕು. ನೋವು ಬಂದ ದಿನ ಮಾತ್ರವಲ್ಲ, ಪ್ರತಿ ರಾತ್ರಿ ಎರಡು ಸಾಲು ಬರೆಯಿರಿ: ಎದ್ದ ವೇಳೆ, ಮಲಗಿದ ವೇಳೆ, ಊಟತಿಂಡಿಗಳ ವೇಳೆ, ಕಾಫಿಯ ಲೆಕ್ಕ, ಬಿಸಿಲು, ಪ್ರಯಾಣ, ತಲೆಸ್ನಾನ, ಹೆಂಗಸರಾದರೆ ಮುಟ್ಟಿನ ದಿನ. ನೋವು ಬಂದರೆ ಆರಂಭವಾದ ಗಂಟೆ, ಮುಗಿದ ಗಂಟೆ, ಎಷ್ಟು ಜೋರು, ಯಾವ ಮಾತ್ರೆ ಎಷ್ಟು ತೆಗೆದುಕೊಂಡಿರಿ, ಗುಣ ಕಂಡಿತೇ ಎಂಬುದನ್ನು ಸೇರಿಸಿ. ಎರಡು ಮೂರು ತಿಂಗಳಾದ ಮೇಲೆ ಪುಟ ತಿರುವಿ ನೋಡಿ. ನಮ್ಮ ತರ್ಕಶಾಸ್ತ್ರದವರು ಹೇಳುವ ಅನ್ವಯ, ವ್ಯತಿರೇಕ ಎಂಬ ಎರಡು ಪರೀಕ್ಷೆಗಳು ಇಲ್ಲಿ ಒದಗುತ್ತವೆ. ಅದಿದ್ದಾಗ ಇದು ಬಂದಿತೇ ಎಂಬುದು ಅನ್ವಯ. ಅದಿಲ್ಲದಾಗ ಇದೂ ಬಾರದೆ ಇದ್ದಿತೇ ಎಂಬುದು ವ್ಯತಿರೇಕ. ಬದನೆಕಾಯಿ ತಿಂದ ಹತ್ತು ದಿನಗಳಲ್ಲಿ ಒಂದು ದಿನ ನೋವು ಬಂದಿದ್ದು, ತಿನ್ನದ ದಿನಗಳಲ್ಲೂ ಅಷ್ಟೇ ಬಂದಿದ್ದರೆ ಬದನೆಕಾಯಿ ನಿರಪರಾಧಿ. ಅನುಮಾನ ನಿಂತ ಕಾರಣವನ್ನು ಒಂದು ಸಲಕ್ಕೆ ಒಂದರಂತೆ ತಿದ್ದಿ, ಒಂದು ತಿಂಗಳು ಕಾದು ನೋಡಿ. ಕಾಫಿಯನ್ನು ಬಿಡುವುದಾದರೆ ಥಟ್ಟನೆ ಬಿಡದೆ ದಿನಕ್ಕೆ ಸ್ವಲ್ಪದಂತೆ ಇಳಿಸಿರಿ.

ಮುಟ್ಟನ್ನಾಗಲಿ ಹವೆಯನ್ನಾಗಲಿ ನಾವು ತಡೆಯಲಾರೆವು. ಆದರೆ ಬಿಂದಿಗೆಗೆ ಬೀಳುವ ಬೇರೆ ನೀರನ್ನು ತಡೆಯಬಹುದು. ಆ ನಾಲ್ಕೈದು ದಿನಗಳಲ್ಲಿ ಊಟ ತಪ್ಪಿಸದಿರುವುದು, ನಿದ್ದೆಗೆಡದಿರುವುದು, ತಲೆಸ್ನಾನವನ್ನು ಬಿಡುವಿನ ಹೊತ್ತಿಗೆ ಇಟ್ಟುಕೊಂಡು ಕೂದಲನ್ನು ಚೆನ್ನಾಗಿ ಆರಿಸಿಕೊಳ್ಳುವುದು ನಮ್ಮ ಕೈಯಲ್ಲಿದೆ. ದಿನವೂ ಒಂದೇ ವೇಳೆಗೆ ಊಟ, ಒಂದೇ ವೇಳೆಗೆ ನಿದ್ದೆ, ಅರ್ಧ ಗಂಟೆಯ ನಡಿಗೆ, ಸಾಕಷ್ಟು ನೀರು: ಈ ಮಿದುಳು ಬೇಡುವುದು ಇಂಥ ಕ್ರಮವನ್ನು.

ನೋವು ಬಂದೇ ಬಂದಾಗ ಕತ್ತಲೆಯ, ಸದ್ದಿಲ್ಲದ ಕೋಣೆಯಲ್ಲಿ ಮಲಗುವುದು, ಹಣೆಗೆ ತಣ್ಣನೆಯ ಬಟ್ಟೆ, ಇವು ಹಿತ. ವೈದ್ಯರು ಹೇಳಿದ ಮಾತ್ರೆಯನ್ನು ನೋವು ಏರುವ ಮೊದಲೇ ತೆಗೆದುಕೊಳ್ಳಬೇಕು. ತಡವಾದರೆ ಹೊಟ್ಟೆ ಮಂದವಾಗಿ ಔಷಧ ಮೈಗೆ ಹತ್ತುವುದಿಲ್ಲ. ಪ್ಯಾರಾಸಿಟಮಾಲ್, ಐಬುಪ್ರೊಫೇನ್ ಕೆಲವರಿಗೆ ಸಾಕು. ಸಾಲದವರಿಗೆ ಟ್ರಿಪ್ಟಾನ್ ಎಂಬ ವರ್ಗದ ಔಷಧಗಳುಂಟು. ಹೃದ್ರೋಗ ಇರುವವರಿಗೆ ಅವು ಸಲ್ಲವು. ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ ಇರುವವರು ಐಬುಪ್ರೊಫೇನನ್ನು ಮುಟ್ಟಬಾರದು. ಮಕ್ಕಳಿಗೆ ಆಸ್ಪಿರಿನ್ ಕೊಡಬಾರದು. ಬಸುರಿಯರು ವೈದ್ಯರನ್ನು ಕೇಳದೆ ಏನನ್ನೂ ನುಂಗಬಾರದು.

ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕಾಗಿದೆ. ಅಂಗಡಿಯಿಂದ ಮಾತ್ರೆ ತಂದು ನುಂಗುವ ಅಭ್ಯಾಸವೇ ನೋವಿನ ತಾಯಿಯಾಗಬಹುದು. ಪ್ಯಾರಾಸಿಟಮಾಲಿನಂಥ ಸಾದಾ ಮಾತ್ರೆಗಳನ್ನು ತಿಂಗಳಿಗೆ 15 ದಿನ ಅಥವಾ ಹೆಚ್ಚು, ಟ್ರಿಪ್ಟಾನ್, ಎರ್ಗಾಟ್ ಮತ್ತು ಹಲವು ಮದ್ದು ಬೆರೆಸಿದ ಮಾತ್ರೆಗಳನ್ನು ತಿಂಗಳಿಗೆ 10 ದಿನ ಅಥವಾ ಹೆಚ್ಚು, ಹೀಗೆ ಮೂರು ತಿಂಗಳ ಮೇಲೆ ನುಂಗುತ್ತ ಹೋದರೆ, ಮಾತ್ರೆಯಿಂದಲೇ ದಿನವೂ ತಲೆನೋವು ನೆಲಸುತ್ತದೆ. ಪುಸ್ತಕದಲ್ಲಿ ಮಾತ್ರೆಯ ದಿನಗಳನ್ನು ಎಣಿಸಿರೆಂದು ಹೇಳುವುದು ಇದಕ್ಕಾಗಿ.

ತಿಂಗಳಿಗೆ ನಾಲ್ಕು ದಿನ ಅಥವಾ ಹೆಚ್ಚು ನೋವಿದ್ದರೆ, ಬಾರದಂತೆ ತಡೆಯುವ ಔಷಧದ ವಿಷಯವನ್ನು ವೈದ್ಯರಲ್ಲಿ ಪ್ರಸ್ತಾಪಿಸಿರಿ. ಹೃದಯದ ಕಾಯಿಲೆಗಾಗಿ ಬಂದ ಪ್ರೊಪ್ರನಲಾಲ್ ಅರೆದಲೆನೋವನ್ನೂ ತಗ್ಗಿಸುವುದು 1966ರಲ್ಲಿ ಕಂಡುಬಂತು. ಆಸ್ತಮಾ ಇರುವವರಿಗೆ ಮಾತ್ರ ಅದು ಆಗದು. ಬೇರೆ ಔಷಧಗಳೂ ಇವೆ. 2018ರಿಂದೀಚೆಗೆ ಈ ಕಾಯಿಲೆಗೆಂದೇ ರೂಪಿಸಿದ ಚುಚ್ಚುಮದ್ದುಗಳು ಬಂದಿವೆ. ತಡೆಯುವ ಮಾತ್ರೆಗಳ ಫಲ ತಿಳಿಯಲು ಎರಡು ಮೂರು ತಿಂಗಳು ಬೇಕು; ಎಂಟು ದಿನ ನುಂಗಿ ಬಿಟ್ಟವರು ಔಷಧವನ್ನು ಪರೀಕ್ಷಿಸಿದಂತಾಗಲಿಲ್ಲ.

ಎಲ್ಲ ತಲೆನೋವನ್ನೂ ಅರೆದಲೆನೋವೆಂದು ಕುಳಿತಿರುವುದು ಅಪಾಯ. ಸಿಡಿಲು ಬಡಿದಂತೆ ಕ್ಷಣದಲ್ಲಿ ಏರಿದ ನೋವು, ಜ್ವರವೂ ಕತ್ತಿನ ಸೆಡೆತವೂ ಕೂಡಿದ ನೋವು, ಮಾತು ತೊದಲುವುದು, ಕೈಕಾಲು ಸೋಲುವುದು, ದೃಷ್ಟಿ ಹೋಗುವುದು, ತಲೆಗೆ ಪೆಟ್ಟಾದ ಮೇಲಿನ ನೋವು, ಇವು ಕಂಡರೆ ಆಗಿಂದಾಗಲೇ ಆಸ್ಪತ್ರೆಗೆ ಹೋಗಬೇಕು. ಐವತ್ತು ದಾಟಿದ ಮೇಲೆ ಹೊಸದಾಗಿ ಬಂದ ನೋವನ್ನೂ, ಬಸುರಿಯಲ್ಲಿ ಹೊಸದಾಗಿ ಕಂಡ ನೋವನ್ನೂ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಕಣ್ಣಮುಂದೆ ಗೆರೆ ಕಾಣುವ ಹೆಂಗಸರು ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವ ಮೊದಲು ಆ ಸಂಗತಿಯನ್ನು ವೈದ್ಯರಿಗೆ ಹೇಳಲೇಬೇಕು. ಈಸ್ಟ್ರೋಜನ್ ಕೂಡಿದ ಮಾತ್ರೆಗಳಿಂದ ಅವರಿಗೆ ಪಾರ್ಶ್ವವಾಯುವಿನ ಭಯ ಹೆಚ್ಚು.

ಉಳಿದದ್ದು ಮನೆಯವರ ಪಾಲಿನ ಕರ್ತವ್ಯ. ಪಾಠ ಹೇಳುವ ಉಪಾಧ್ಯಾಯರಿಗೆ, ಮೇಜಿನ ಮೇಲೆ ತಲೆಯಿಟ್ಟ ಹುಡುಗಿ ಸೋಮಾರಿಯಂತೆ ಕಾಣುವುದು ಸುಲಭ. ತಿಂಡಿ ತಿಂದು ಬಂದೆಯಾ ಎಂದು ಕೇಳುವುದು ಬೈಯುವುದಕ್ಕಿಂತ ಹೆಚ್ಚು ಪ್ರಯೋಜನಕಾರಿ. ಮನೆಯಲ್ಲಿ ತಾಯಿಯೋ ಸೊಸೆಯೋ ನೋವೆಂದು ಮಲಗಿದರೆ ಕಿಟಕಿಯ ಪರದೆ ಎಳೆಯಿರಿ, ರೇಡಿಯೋದ ಧ್ವನಿ ತಗ್ಗಿಸಿರಿ, ಒಲೆಯ ಕೆಲಸವನ್ನು ಬೇರೊಬ್ಬರು ನೋಡಿಕೊಳ್ಳಿರಿ. ಬೇರೆ ದಿನಗಳಲ್ಲಿ ಅವರು ಎಲ್ಲರೊಡನೆ ಹೊತ್ತಿಗೆ ಸರಿಯಾಗಿ ಊಟಕ್ಕೆ ಕೂಡುವಂತೆ ನೋಡಿಕೊಳ್ಳಿರಿ. ಇದಕ್ಕೆ ಕಾಸಿನ ಖರ್ಚಿಲ್ಲ, ಇದರಿಂದ ಎಷ್ಟೋ ನೋವುಗಳು ಬಾಗಿಲಿನಿಂದಲೇ ಹಿಂತಿರುಗಿ ಹೋಗುತ್ತವೆ.